ಹಿಂದಿನಿಂದ ನೂಕುವ ಬಂಡಿ

ಮೈಸೂರಿನಿಂದ ಊಟಿಗೆ ಹೊರಟವರು ಗುಂಡ್ಲುಪೇಟೆ, ಬಂಡೀಪುರಗಳ ದಾರಿ ಹಿಡಿಯುವುದು ವಾಡಿಕೆ. ಅರ್ಧ ದಿನದೊಳಗೆ ತಲುಪಬಹುದಾದ ಊರು. ಕಳೆದ ಏಪ್ರಿಲಿನಲ್ಲಿ ನಾವು ಐದು ಮಂದಿ ಆ ನೇರ ದಾರಿಯನ್ನು ಬಿಟ್ಟು, ಚಾಮರಾಜನಗರ, ಸತ್ಯಮಂಗಲಗಳ ಮೇಲೆ ಹಾಯ್ದು, ನೀಲಗಿರಿಯ ಆಚೆಯ ಬುಡದಲ್ಲಿರುವ ಮೆಟ್ಟುಪಾಳಯವನ್ನು ಸೇರಿದೆವು. ಅಲ್ಲಿ ಒಂದು ರಾತ್ರಿ ತಂಗಿದ್ದು, ಮರುದಿನ ಬೆಳಗ್ಗೆ ಏಳು ಗಂಟೆಯ ಸುಮಾರಿಗೆ ಹೊರಡುವ ಉಗಿಬಂಡಿಯಲ್ಲಿ ಬೆಟ್ಟವನ್ನೇರಿ, ಮಧ್ಯಾಹ್ನ ಊಟಿಯಲ್ಲಿ ಊಟ ಮಾಡಿ, ಎರಡು ಗಂಟೆಗೆ ಅದೇ ಬಂಡಿ ಹಿಡಿದು ಸಂಜೆಗೆ ಮತ್ತೆ ಬುಡಕ್ಕೆ ಇಳಿದೆವು. ಊಟಿಯಲ್ಲಿ ಎಷ್ಟು ದಿನ ಇದ್ದಿರಿ ಎಂದು ಕೇಳಿದ ಸ್ನೇಹಿತರಿಗೆ ಎರಡು ಗಂಟೆ ಎಂದು ಹೇಳಿ ನಗೆಪಾಟಲಿಗೆ ಈಡಾದದ್ದೂ ಆಯಿತು. ನಾವು ಹೋದದ್ದು ಊಟಿಗಲ್ಲ, ಬಂಡಿಗೆ.

ಈ ಹುಚ್ಚು ಹೇಗೆ ಹತ್ತಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಮೈಸೂರಿನಲ್ಲಿ ಮೀಟರ್ ಗೇಜ್ ಬಂಡಿಗಳ ಮೇಲೆ ಫೈರ್‌ಮನ್ ಆಗಿದ್ದರು. ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಹಾಕುವ ಕೆಲಸ. ಅವರು ಪಾಳಿ ಮುಗಿಸಿ ಬಂದಾಗ ಕಣ್ಣಿನ ಬಿಳಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕಪ್ಪು. ಆ ಬಟ್ಟೆಗಳನ್ನು ಒಗೆಯುವ ಪಾಲು ಹನ್ನೆರಡನೆಯ ವಯಸ್ಸಿನಿಂದ ನನ್ನ ಅಕ್ಕನದು. ಶಾಲೆಗೆ ಹೋಗುವ ಪಾಲು ನನ್ನದು. ಕನ್ನಡ ಎಂ.ಎ. ತರಗತಿಗೆ ಅರ್ಜಿ ತುಂಬುವಾಗ ‘ತಂದೆಯ ಉದ್ಯೋಗ’ ಎಂಬ ಅಂಕಣದಲ್ಲಿ ನಾನು ‘ರೈಲ್ವೆ ನೌಕರ’ ಎಂದು ಬರೆದೆ. ಅದು ಸುಳ್ಳೇನೂ ಅಲ್ಲ. ಆದರೆ ಬರೆಯುವಾಗ ಏಕೆ ಹಾಗೆ ಬರೆಯುತ್ತಿದ್ದೇನೆಂಬುದು ನನಗೆ ಗೊತ್ತಿತ್ತು. ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕಿ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತ ಬಂದ ನಾನು, ಆ ಒಂದು ಪದವನ್ನು ಮಾತ್ರ ಯಾರೆದುರಿಗೂ ಬಿಡಿಸಲಿಲ್ಲ.

ಬಿಡಿಸಬೇಕಾಗಿ ಬಂದದ್ದು ಒಂಬತ್ತು ವರ್ಷದ ಮೊಮ್ಮಗಳಿಂದ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರಂತೆ. ಮುತ್ತಾತ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಳು. ಫೈರ್‌ಮನ್ ಎಂದೆ. “ಓಹೋ, ಬೆಂಕಿ ಆರಿಸೋವ್ರಾ ತಾತ?” ಎಂದಳು. “ಅಲ್ಲಮ್ಮ, ಹೊತ್ತಿಸೋವ್ರು” ಎಂದೆ. ಅವಳು ನಂಬಲಿಲ್ಲ. ರೈಲು ಓಡಬೇಕಾದರೆ ಒಳಗೆ ಬೆಂಕಿ ಏಕೆ ಬೇಕು ಎಂಬುದೇ ಆ ತಲೆಮಾರಿಗೆ ಒಡಪು. ಮಗ ಆ ದಿನವೇ ಕುಳಿತು ಟಿಕೆಟ್ಟಿಗೆ ಹುಡುಕಿದ. ಸೀಟುಗಳು ಕೆಲವೇ, ಕೇಳುವವರು ಬಹಳ. ವಾರಗಳ ಮುಂಚೆಯೇ ಕಾಯ್ದಿರಿಸದಿದ್ದರೆ ಈ ಬಂಡಿಯಲ್ಲಿ ಸ್ಥಳ ಸಿಕ್ಕುವುದು ಕಷ್ಟ. ನನ್ನ ಮಡದಿಗೆ ಬೆಟ್ಟದ ತಿರುವುಗಳು ಒಗ್ಗುವುದಿಲ್ಲವಾಗಿ ಅವಳು ಬರಲೊಪ್ಪಲಿಲ್ಲ. ಅಕ್ಕ ಮಾತ್ರ ಕರೆಯುವ ಮೊದಲೇ ಹೊರಟು ನಿಂತಳು. ಎಂಜಿನ್ನೆಂದರೆ ಅವಳಿಗೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ.

ನೀಲಗಿರಿಯ ಈ ಹಳಿಗೆ ದೀರ್ಘವಾದ ಚರಿತ್ರೆಯಿದೆ. ಬೆಟ್ಟಕ್ಕೆ ರೈಲು ಬೇಕೆಂಬ ಪ್ರಸ್ತಾವ ಮೊದಲು ಬಂದದ್ದು 1854ರಲ್ಲಿ. ಕೆಲಸ ಆರಂಭವಾದದ್ದು 1891ರಲ್ಲಿ. ಕೂನೂರಿನವರೆಗೆ ಬಂಡಿ ಓಡಿದ್ದು 1899ರಲ್ಲಿ, ಉದಕಮಂಡಲವನ್ನು ಮುಟ್ಟಿದ್ದು 1908ರಲ್ಲಿ. ಪ್ರಸ್ತಾವಕ್ಕೂ ಪೂರ್ತಿಗೂ ನಡುವೆ ಐವತ್ತನಾಲ್ಕು ವರ್ಷ! ದಾರಿಯ ಉದ್ದವಾದರೋ ಬರಿಯ 46 ಕಿಲೋಮೀಟರು. ಅಷ್ಟರಲ್ಲಿ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದ ಮೆಟ್ಟುಪಾಳಯದಿಂದ 2203 ಮೀಟರ್ ಎತ್ತರದ ಊಟಿಗೆ ಏರಬೇಕು. ಹದಿನಾರು ಸುರಂಗಗಳು, ಇನ್ನೂರೈವತ್ತು ಸೇತುವೆಗಳು, ಇನ್ನೂರೆಂಟು ತಿರುವುಗಳು. ಈ ಲೆಕ್ಕವನ್ನು ಮೊಮ್ಮಗಳು ತನ್ನ ಪುಸ್ತಕದಲ್ಲಿ ಗೆರೆ ಎಳೆದು ಎಣಿಸಿಯೇ ತೀರುತ್ತೇನೆಂದು ಹೊರಟು, ಆರನೆಯ ಸುರಂಗದ ಹೊತ್ತಿಗೆ ಕೈಬಿಟ್ಟಳು.

ನಿಲ್ದಾಣದಲ್ಲಿ ಬಂಡಿಯನ್ನು ಕಂಡ ಕೂಡಲೇ ಅವಳ ಮೊದಲ ಪ್ರಶ್ನೆ ಬಂತು. “ತಾತ, ಎಂಜಿನ್ ತಪ್ಪು ಕಡೆ ಇದೆ.” ನಿಜ. ನೀಲಿ ಬಣ್ಣದ ಮರದ ಡಬ್ಬಿಗಳು ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದವು. ಎಂಜಿನ್ ಅವುಗಳ ಹಿಂದೆ, ಬಯಲ ಕಡೆಗೆ ಇತ್ತು. ಬಂಡಿಯನ್ನು ಎಳೆಯುವ ಎತ್ತು ಮುಂದಿರಬೇಕಲ್ಲವೆ? ಇಲ್ಲಿ ಅದು ಹಿಂದಿನಿಂದ ನೂಕುತ್ತದೆ. ಅದಕ್ಕೆ ಕಾರಣ ಬಹಳ ಸರಳ. ಕಡಿದಾದ ಏರಿನಲ್ಲಿ ಎಳೆಯುವಾಗ ಎಲ್ಲಾದರೂ ಕೊಂಡಿ ಕಳಚಿತೆನ್ನಿ, ಡಬ್ಬಿಗಳು ಹಿಂದಕ್ಕೆ ಜಾರಿ ಪ್ರಪಾತದ ಪಾಲಾಗುತ್ತವೆ. ಎಂಜಿನ್ ಕೆಳಗಡೆ ನಿಂತು ಹೆಗಲು ಕೊಟ್ಟಿದ್ದರೆ ಜಾರುವುದೆಲ್ಲ ಅದರ ಮೈಮೇಲೇ ಬಂದು ನಿಲ್ಲುತ್ತದೆ. ಗೋಡೆಗೆ ಒರಗಿಸಿದ ಏಣಿ ಹತ್ತುವ ಮಗುವಿನ ಹಿಂದೆ ದೊಡ್ಡವರು ನಿಲ್ಲುವುದಿಲ್ಲವೆ, ಹಾಗೆ. ಇಳಿಯುವಾಗಲೂ ಅದೇ ತುದಿಯಲ್ಲಿದ್ದುಕೊಂಡು ಭಾರವನ್ನು ತಡೆದು ಹಿಡಿಯುತ್ತದೆ.

ಬಂಡಿ ಹೊರಟು ಭವಾನಿ ನದಿಯನ್ನು ದಾಟಿತು. ಮೊದಲ ಏಳೆಂಟು ಕಿಲೋಮೀಟರು ಎಲ್ಲ ರೈಲಿನಂತೆಯೇ. ಎರಡೂ ಪಕ್ಕದಲ್ಲಿ ಅಡಿಕೆ ತೋಟಗಳು. ನಮ್ಮ ಮಲೆನಾಡೇ ಇಲ್ಲಿಗೆ ಬಂದು ಕುಳಿತಿದೆಯೋ ಎನಿಸುವ ನೆರಳು. ಕಲ್ಲಾರಿನ ಬಳಿ ವೇಗ ತಗ್ಗಿತು. ಬಂಡಿಯ ಕೆಳಗಿನಿಂದ ಏನನ್ನೋ ಕಚ್ಚಿ ಹಿಡಿದಂಥ ಒಂದು ಅದಿರು, ಅನಂತರ ಒಂದೇ ಸಮನಾದ ಗೊಗ್ಗರು ದನಿ. ಇಲ್ಲಿಂದ ಕೂನೂರಿನವರೆಗೆ, ಸುಮಾರು ಇಪ್ಪತ್ತು ಕಿಲೋಮೀಟರು, ಹಳಿಗಳೆರಡರ ನಡುವೆ ಹಲ್ಲುಳ್ಳ ಇನ್ನೊಂದು ಹಳಿಯಿದೆ. ಇಂಗ್ಲಿಷಿನಲ್ಲಿ ರ್ಯಾಕ್ ಎನ್ನುತ್ತಾರೆ. ನಾವು ಹಲ್ಲುಹಳಿ ಎನ್ನೋಣ.

ಅದು ಏಕೆ ಬೇಕಾಯಿತು? ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವುದು ರೈಲಿನ ಗುಟ್ಟು. ಎರಡೂ ನುಣುಪು. ಆದ್ದರಿಂದಲೇ ಅಲ್ಪ ಬಲದಿಂದ ದೊಡ್ಡ ಭಾರವನ್ನು ಎಳೆಯಬಹುದು. ಬಯಲಿನಲ್ಲಿ ವರವಾದ ಈ ನುಣುಪು ಏರಿನಲ್ಲಿ ಶಾಪ. ನೂರು ಅಡಿ ಸಾಗುವಲ್ಲಿ ಒಂದು ಅಡಿ ಏರುವ ಹಳಿಯೇ ಬಯಲಿನ ಎಂಜಿನ್ನಿಗೆ ಏದುಸಿರು ತರಿಸುತ್ತದೆ. ಇಲ್ಲಿ ನೂರಕ್ಕೆ ಎಂಟು ಅಡಿ. ಬರಿಯ ಗಾಲಿಯಾದರೆ ನಿಂತಲ್ಲೇ ತಿರುಗೀತು. ಅದಕ್ಕಾಗಿ ಎಂಜಿನ್ನಿನ ಹೊಟ್ಟೆಯ ಕೆಳಗೆ ಹಲ್ಲುಚಕ್ರಗಳನ್ನು ಇಟ್ಟು, ಅವು ನಡುವಿನ ಹಲ್ಲುಹಳಿಯನ್ನು ಕಚ್ಚಿಕೊಂಡು ಹತ್ತುವಂತೆ ಮಾಡಿದ್ದಾರೆ. 1882ರಲ್ಲಿ ಸ್ವಿಟ್ಜರ್‌ಲೆಂಡಿನ ರಿಗ್ಗೆನ್‌ಬಾಖ್ ಎಂಬ ಎಂಜಿನಿಯರನ್ನು ಇಲ್ಲಿಗೆ ಕರೆಸಿ ಯೋಜನೆ ಕೇಳಿದ್ದರು. ಹಲ್ಲುಹಳಿಯನ್ನು ರೂಢಿಗೆ ತಂದವರಲ್ಲಿ ಆತ ಪ್ರಮುಖ. ಆದರೆ ಕೊನೆಗೆ ಇಲ್ಲಿ ಹಾಸಿದ್ದು ಆತನ ಹಳಿಯನ್ನಲ್ಲ, ಆತನ ಕೈಕೆಳಗೆ ಕೆಲಸ ಮಾಡಿದ್ದ ರೋಮನ್ ಆಪ್ಟ್ ಎಂಬಾತನ ಹಳಿಯನ್ನು. ಗುರುವಿನದು ಏಣಿಯಂಥ ಹಳಿ. ಶಿಷ್ಯನದು ಎರಡು ಬಾಚಣಿಗೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಂಥದು, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ. ಒಂದು ಹಲ್ಲು ಬಿಡುವ ಹೊತ್ತಿಗೆ ಮತ್ತೊಂದು ಹಿಡಿದಿರುತ್ತದೆ. ಹಿಡಿತವಿಲ್ಲದ ಕ್ಷಣವೇ ಇಲ್ಲ. ಭಾರತದಲ್ಲಿ ಹಲ್ಲುಹಳಿಯ ರೈಲು ಇದೊಂದೇ.

ಇನ್ನು ಉಗಿಯ ವಿಚಾರ. ನಮ್ಮ ಅಜ್ಜಿಯರು ಹೊಗೆಬಂಡಿ ಎನ್ನುತ್ತಿದ್ದರು. ಪಠ್ಯಪುಸ್ತಕಗಳು ಉಗಿಬಂಡಿ ಎಂದವು. ಒಂದು ಹೆಸರು ಕಂಡದ್ದರಿಂದ ಹುಟ್ಟಿದ್ದು, ಇನ್ನೊಂದು ಕಾರಣವನ್ನು ತಿಳಿದು ಇಟ್ಟದ್ದು. ಸ್ವಾರಸ್ಯವೆಂದರೆ ಉಗಿ ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ನಾವು ಉಗಿಯೆಂದು ತೋರಿಸುವ ಬೆಳ್ಳನೆಯ ಮೋಡ, ಉಗಿ ತಣಿದು ಹನಿಗಳಾದ ಮೇಲಿನ ರೂಪ. ಕೆಲಸ ಮಾಡುವಾಗ ಅದು ಉಕ್ಕಿನ ಗೋಡೆಯೊಳಗೆ ಕಾಣದೆ ಇರುತ್ತದೆ. ಕಾಣಿಸಿಕೊಳ್ಳುವುದು ಕೆಲಸ ಮುಗಿಸಿ ಹೊರಬಿದ್ದ ಮೇಲೆ. ನೀರು ಉಗಿಯಾಗುವಾಗ ಸಾವಿರದ ಆರುನೂರು ಮಡಿಗೂ ಮೇಲೆ ಹಿಗ್ಗಲು ಹವಣಿಸುತ್ತದೆ. ಬಾಯ್ಲರಿನಲ್ಲಿ ಹಿಗ್ಗಲು ಎಡೆಯಿಲ್ಲ. ಆ ಒತ್ತಡವನ್ನು ಸಿಲಿಂಡರಿಗೆ ಬಿಟ್ಟು ಪಿಸ್ಟನ್ನನ್ನು ತಳ್ಳಿಸುವುದೇ ಇಡೀ ಯಂತ್ರದ ಹೂರಣ. ಪಿಸ್ಟನ್ನನ್ನು ತಳ್ಳಿ ದಣಿದ ಉಗಿ ಚಿಮಣಿಯಲ್ಲಿ ಭುಸ್ಸೆಂದು ಹೊರಬರುವಾಗ ತನ್ನೊಡನೆ ಒಲೆಯ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ. ಹೊಗೆ ಹೋದ ತೆರಪಿಗೆ ಹೊಸ ಗಾಳಿ ಒಲೆಗೆ ನುಗ್ಗಿ ಬೆಂಕಿ ಪ್ರಬಲವಾಗುತ್ತದೆ. ಅಂದರೆ ಏರು ಕಡಿದಾದಷ್ಟೂ ಭುಸುಗುಟ್ಟುವಿಕೆ ಹೆಚ್ಚು, ಅದು ಹೆಚ್ಚಾದಷ್ಟೂ ಬೆಂಕಿ ಹೆಚ್ಚು. ತಿದಿಯನ್ನು ಒತ್ತುವವರು ಬೇಕಿಲ್ಲ, ದುಡಿತವೇ ತಿದಿ. ಮಕ್ಕಳು ಛುಕ್ ಛುಕ್ ಎಂದು ಅನುಕರಿಸುವ ಆ ಸದ್ದಿಗೆ ಇಷ್ಟು ಅರ್ಥವಿದೆಯೆಂದು, ಆ ಸದ್ದಿನೊಳಗೇ ಬಾಳಿದವರ ಮಗನಾದ ನಾನು ತಿಳಿದದ್ದು ಅರವತ್ತು ದಾಟಿದ ಮೇಲೆ.

ಈ ಬೆಟ್ಟದ ಎಂಜಿನ್ನುಗಳದು ಇನ್ನೂ ಒಂದು ಜಾಣತನ. ಇವಕ್ಕೆ ಸಿಲಿಂಡರುಗಳು ನಾಲ್ಕು. ಬಾಯ್ಲರಿನಿಂದ ಬಂದ ಬಿಸಿಯುಗಿ ಮೊದಲು ಎರಡು ಸಿಲಿಂಡರುಗಳಿಗೆ ಹೋಗಿ ಸಾಮಾನ್ಯ ಗಾಲಿಗಳನ್ನು ತಿರುಗಿಸುತ್ತದೆ. ಹಲ್ಲುಹಳಿ ಬಂದಾಗ, ಆ ಉಗಿಯನ್ನು ಹೊರಗೆ ಬಿಡದೆ ಇನ್ನೆರಡು ಸಿಲಿಂಡರುಗಳಿಗೆ ಕಳುಹಿಸಿ ಹಲ್ಲುಚಕ್ರಗಳನ್ನು ತಿರುಗಿಸುತ್ತಾರೆ. ನನ್ನ ಸೊಸೆಗೆ ಇದನ್ನು ವಿವರಿಸಲು ಪಾಡುಪಡುತ್ತಿದ್ದೆ. ಅಕ್ಕ ನಡುವೆ ಬಾಯಿಹಾಕಿ, “ಎರಡನೇ ಡಿಕಾಕ್ಷನ್ ಕಣೇ” ಎಂದು ಮುಗಿಸಿಬಿಟ್ಟಳು. ಅದಕ್ಕಿಂತ ಸಮರ್ಪಕವಾದ ವ್ಯಾಖ್ಯಾನ ನನಗೆ ಈವರೆಗೂ ತೋರಿಲ್ಲ.

ಹಿಲ್‌ಗ್ರೋವ್ ಎಂಬಲ್ಲಿ ಬಂಡಿ ನೀರು ಕುಡಿಯಲು ನಿಂತಿತು. ಎಲ್ಲರೂ ಇಳಿದರು. ಟೀ ಕುಡಿಯುವವರು, ಕೋತಿಗಳಿಗೆ ಹೆದರುವವರು, ಫೋಟೋ ತೆಗೆಯುವವರು. ‘ದಿಲ್ ಸೇ’ ಚಿತ್ರದಲ್ಲಿ ಬಂಡಿಯ ನೆತ್ತಿಯ ಮೇಲೆ ಕುಣಿದ ಹಾಡೊಂದು ಬಂದದ್ದು 1998ರಲ್ಲಿ. ಅದು ಈ ಬಂಡಿಯೇ ಎಂದು ಮಗ ಹೇಳಿದ. ನಾನೂ ಅಕ್ಕನೂ ಎಂಜಿನ್ನಿನ ಕಡೆ ನಡೆದೆವು. ಕ್ಯಾಬಿನೊಳಗೆ ಕೆಂಪು ಬೆಳಕು, ಬಿಸಿ. ಒಬ್ಬ ತರುಣ ಒಂದು ತಿರುಪನ್ನು ಹಿಡಿದು, ಚಿಮಣಿಯ ಹೊಗೆಯನ್ನೇ ನೋಡುತ್ತಿದ್ದ. ಅಕ್ಕ ಮೂಗೇರಿಸಿ ಒಮ್ಮೆ ಉಸಿರೆಳೆದುಕೊಂಡಳು. “ಇದು ಅಪ್ಪನ ವಾಸನೆ ಅಲ್ಲ ಕಣೋ. ಸೀಮೆಎಣ್ಣೆ ಸ್ಟವ್ ವಾಸನೆ” ಎಂದಳು.

ಅವಳು ಹೇಳಿದ್ದು ಸರಿ. ಈ ಮಾರ್ಗದ ಎಂಜಿನ್ನುಗಳಲ್ಲಿ ಕೆಲವನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾಯಿಸಿದ್ದಾರೆ. ನಮ್ಮದು ಅಂಥದು. ಹೀಗಾಗಿ ಸಲಿಕೆಯಿಲ್ಲ, ಕಿಡಿ ಹಾರಿ ಕಾಡಿಗೆ ಬೆಂಕಿ ತಾಗುವ ಭಯವೂ ಕಡಿಮೆ. ಹಳೆಯದನ್ನು ಪ್ರೀತಿಸುವವರಲ್ಲಿ ಇದಕ್ಕೆ ಮೂಗು ಮುರಿಯುವವರಿದ್ದಾರೆ. ಕಲ್ಲಿದ್ದಲಿಲ್ಲದ ಮೇಲೆ ಅದು ಹಳೆಯ ಬಂಡಿ ಹೇಗಾದೀತು ಎಂಬುದು ಅವರ ವಾದ. ನಾನೂ ಒಂದು ಕ್ಷಣ ಆ ಪಕ್ಷಕ್ಕೆ ವಾಲಿದೆ. ಅಷ್ಟರಲ್ಲಿ ಅಕ್ಕ ಆ ತರುಣನನ್ನು, ತಮಿಳೋ ಕನ್ನಡವೋ ಎಂದು ಹೇಳಲಾಗದ ಭಾಷೆಯಲ್ಲಿ, ಹೊಗೆ ಏಕೆ ನೋಡುತ್ತೀಯಪ್ಪ ಎಂದು ಕೇಳಿಯಾಗಿತ್ತು. ಹೊಗೆ ಕಪ್ಪಾದರೆ ಎಣ್ಣೆ ದಂಡ, ತೀರ ತಿಳಿಯಾದರೆ ಗಾಳಿ ಹೆಚ್ಚಾಗಿ ಕಾವು ದಂಡ, ತೆಳುಬೂದು ಬಣ್ಣದಲ್ಲಿ ನಿಲ್ಲಿಸಬೇಕು ಎಂದು ಅವನು ಕೈಸನ್ನೆ ಸೇರಿಸಿ ತಿಳಿಸಿದ. ಅಕ್ಕ ನನ್ನ ಕಡೆ ತಿರುಗಿ, “ಅಪ್ಪನೂ ಇದನ್ನೇ ಹೇಳ್ತಿದ್ರು. ಕರಿ ಹೊಗೆ ಬಂದ್ರೆ ಡ್ರೈವರ್ ಬಯ್ತಿದ್ರಂತೆ, ದುಡ್ಡು ಸುಡ್ತಾ ಇದ್ದೀಯ ಅಂತ” ಎಂದಳು.

ನನಗೆ ಅಪ್ಪ ಇದನ್ನು ಹೇಳಿದ ನೆನಪಿಲ್ಲ. ನಾನು ಕೇಳಿರಲೂ ಇಲ್ಲ. ಸಲಿಕೆ ಎತ್ತುವುದು ಬರಿಯ ತೋಳಿನ ಕೆಲಸವೆಂದು ನಾನು ನಂಬಿದ್ದೆ. ಬೆಂಕಿಯನ್ನು ತಗಡಿನಂತೆ ತೆಳ್ಳಗೆ, ಸಮನಾಗಿ ಹರಡುವುದು, ಏರು ಬರುವ ಮುಂಚೆಯೇ ಅದನ್ನು ಬೆಳೆಸಿಕೊಳ್ಳುವುದು, ನಿಲ್ದಾಣ ಬರುವ ಹೊತ್ತಿಗೆ ಇಳಿಸುವುದು, ನೀರಿನ ಮಟ್ಟದ ಗಾಜಿನ ಮೇಲೆ ಸದಾ ಒಂದು ಕಣ್ಣಿಡುವುದು, ಇವೆಲ್ಲ ಕೂಡಿ ಒಂದು ವಿದ್ಯೆ. ದಾರಿಯೆಲ್ಲ ಕಂಠಪಾಠವಾಗಿರದೆ ಅದು ಸಾಧ್ಯವಿಲ್ಲ. ಕಲ್ಲಿದ್ದಲು ಹೋಗಿ ಎಣ್ಣೆ ಬಂದರೂ ಹೊಗೆಯನ್ನು ಓದುವ ಕಣ್ಣು ಆ ತರುಣನವರೆಗೆ ಬಂದಿದೆ. ಹಾಗಾದರೆ ಉಳಿದಿರುವುದು ಯಾವುದು, ಹೋದದ್ದು ಯಾವುದು ಎಂಬ ಲೆಕ್ಕವನ್ನು ನಾನು ಮತ್ತೆ ಮೊದಲಿನಿಂದ ಹಾಕಬೇಕಾಯಿತು.

ಬಂಡಿ ಮತ್ತೆ ಹೊರಟಾಗ ಗಮನಿಸಿದೆ. ಪ್ರತಿಯೊಂದು ಡಬ್ಬಿಯ ತುದಿಯಲ್ಲೂ ಒಬ್ಬ ಬ್ರೇಕಿನವನು ನಿಂತಿರುತ್ತಾನೆ. ಎಂಜಿನ್ನಿನ ಸಿಳ್ಳೆಯ ಸಂಜ್ಞೆಯನ್ನು ಕೇಳಿ ಅವರೆಲ್ಲ ಕೈಬ್ರೇಕನ್ನು ಬಿಗಿಯುತ್ತಾರೆ, ಸಡಿಲಿಸುತ್ತಾರೆ. ಬಯಲಿನ ರೈಲಿನಲ್ಲಿ ಡ್ರೈವರ್ ಒಬ್ಬನೇ ಇಡೀ ಬಂಡಿಯನ್ನು ನಿಲ್ಲಿಸುತ್ತಾನೆ. ಇಲ್ಲಿ ಹಲವರ ಕಿವಿ ಮತ್ತು ಕೈ ಕೂಡಬೇಕು. ನಮ್ಮ ಡಬ್ಬಿಯ ಬ್ರೇಕಿನವನು ಪಕ್ಕದವನಿಗೆ ಏನನ್ನೋ ಎಣಿಸಿ ಹೇಳುತ್ತಿದ್ದ. ‘ಒಂದು, ಎರಡು, ಮೂರು’ ಎಂದು ಕಿವಿಗೆ ಬಿದ್ದಾಗ ನಾನು ಬೆಚ್ಚಿದೆ. ಅವನು ಬಡಗರವನು. ನೀಲಗಿರಿಯ ಬಡಗರ ಭಾಷೆ ಕನ್ನಡಕ್ಕೆ ತೀರ ಹತ್ತಿರದ ನಂಟು. ಬಡಗ ಎಂದರೆ ಹಳಗನ್ನಡದಲ್ಲಿ ಉತ್ತರ ದಿಕ್ಕು. ಬೆಟ್ಟದ ಉತ್ತರಕ್ಕಿರುವ ಮೈಸೂರು ಸೀಮೆಯಿಂದ ಹಿಂದೆಂದೋ ವಲಸೆ ಬಂದವರು ನಾವು ಎಂಬುದು ಅವರಲ್ಲಿ ನಡೆದುಬಂದ ಐತಿಹ್ಯ. ಅವರ ಹಳ್ಳಿಗಳು ಹಟ್ಟಿಗಳು. ಅವರ ದೊಡ್ಡ ಉತ್ಸವ ಹೆತ್ತೆ ಹಬ್ಬ. ತಮಿಳಿನವರು ‘ಪತ್ತು’ ಎನ್ನುವಲ್ಲಿ ಅವರು ನಮ್ಮಂತೆ ‘ಹತ್ತು’ ಎನ್ನುತ್ತಾರೆ. ಪಕಾರ ಹಕಾರವಾದ ಬಗೆಯನ್ನು ಕಪ್ಪು ಹಲಗೆಯ ಮೇಲೆ ಎಷ್ಟು ವರ್ಷ ಬರೆದಿದ್ದೇನೆ! ಅದು ಇಲ್ಲಿ ಬ್ರೇಕಿನ ಹಿಡಿಯ ಪಕ್ಕದಲ್ಲಿ ಉಸಿರಾಡುತ್ತಿತ್ತು.

ಈ ಹಳಿಯನ್ನು ಹಾಸಿದವರು ನಿಲ್ದಾಣಗಳಿಗೆ ಇಟ್ಟ ಹೆಸರುಗಳನ್ನು ನೋಡಿ: ಆಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್, ವೆಲಿಂಗ್ಟನ್, ಲವ್‌ಡೇಲ್. ಸುತ್ತ ಹಟ್ಟಿಗಳೂ, ತೊದವರ ಮಂದುಗಳೂ ಇರುವಾಗ ತಮ್ಮ ಊರಿನ ನೆನಪುಗಳನ್ನು ಹಲಗೆಗೆ ಬರೆದು ನೆಟ್ಟರು. ನಡುವೆ ಕೇತ್ತಿಯಂಥ ಒಂದೆರಡು ಹೆಸರು ಹೇಗೋ ಉಳಿದುಕೊಂಡಿವೆ. ಇದು ನನ್ನ ಗೊಣಗಾಟ. ಇರಲಿ.

ಕೂನೂರಿನಲ್ಲಿ ಹಲ್ಲುಹಳಿ ಮುಗಿಯುತ್ತದೆ. ಉಗಿ ಎಂಜಿನ್ನನ್ನು ಕಳಚಿ ಡೀಸೆಲ್ ಎಂಜಿನ್ನನ್ನು ಹೂಡಿದರು. ಅಲ್ಲಿಂದ ಊಟಿಯವರೆಗೆ ಟೀ ತೋಟಗಳು, ಕೇತ್ತಿಯ ಕಣಿವೆ, ಮೈಸೂರು ಅರಸರ ಬೇಸಿಗೆಯರಮನೆಯಿದ್ದ ಫರ್ನ್‌ಹಿಲ್. ನೋಟ ಸೊಗಸು, ಆದರೆ ಬಂಡಿ ಬರಿಯ ಬಂಡಿ. ಮೊಮ್ಮಗಳು ನಿದ್ದೆಹೋದಳು. ಊಟಿಯಲ್ಲಿ ಊಟ ಸಾಧಾರಣವಾಗಿತ್ತು.

2005ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಆರು ವರ್ಷ ಮುಂಚೆ ಡಾರ್ಜಿಲಿಂಗಿನ ರೈಲಿಗೆ ಆ ಗೌರವ ಸಂದಿತ್ತು. ಪರಂಪರೆ ಎಂದ ಕೂಡಲೇ ನಾವು ಗಾಜಿನ ಪೆಟ್ಟಿಗೆಯನ್ನು ನೆನೆಯುತ್ತೇವೆ. ಶಾಸನವನ್ನಾದರೆ ಹಾಗೆ ಇಡಬಹುದು. ಉಗಿ ಎಂಜಿನ್ನನ್ನು ಇಡಲಾಗದು. ನಿಲ್ಲಿಸಿದರೆ ಅದು ತುಕ್ಕು, ಓಡಿಸಿದರೆ ಸವೆತ. ಈಗಿನ ಮಾದರಿಯ ಎಂಜಿನ್ನುಗಳು ಮೊದಲು ಬಂದದ್ದು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಿಂದ. ಆ ಕಾರ್ಖಾನೆ ಈಗ ಇಂಥವನ್ನು ಮಾಡಿಕೊಡುವುದಿಲ್ಲ. ಸವೆದ ಭಾಗ ಬೇಕಾದರೆ ನಮ್ಮವರೇ ಎರಕ ಹೊಯ್ದು, ಕಡೆದು, ಕೂಡಿಸಬೇಕು. ತಿರುಚ್ಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದವರು 2011ರಿಂದೀಚೆಗೆ ಅದೇ ಮಾದರಿಯ ಹೊಸ ಎಂಜಿನ್ನುಗಳನ್ನೇ ಕಟ್ಟಿದರು. ಹಳೆಯ ಗ್ರಂಥದ ಓಲೆ ಜೀರ್ಣವಾಗುತ್ತ ಬಂದಾಗ ಲಿಪಿಕಾರ ಹೊಸ ಓಲೆಯ ಮೇಲೆ ಪ್ರತಿ ಮಾಡಿಡುತ್ತಿದ್ದನಲ್ಲ, ಆ ಬಗೆಯ ಕೆಲಸ ಇದು. ನಮ್ಮ ಕಾವ್ಯಗಳು ಉಳಿದದ್ದು ಮೊದಲ ಓಲೆಯಿಂದಲ್ಲ, ಪ್ರತಿಕಾರರಿಂದ. ಕೈಬರಹದಲ್ಲಿ ಒಂದೆರಡು ಅಕ್ಷರ ಬದಲಾದವೆಂದು ನಾವು ಯಾರೂ ಪಂಪನನ್ನು ಪಂಪನಲ್ಲವೆಂದು ಹೇಳುವುದಿಲ್ಲ. ಎಣ್ಣೆಯ ಎಂಜಿನ್ನಿಗೆ ಮೂಗು ಮುರಿಯುವವರಿಗೆ ನಾನು ಕೊಡಬಲ್ಲ ಉತ್ತರ ಇಷ್ಟು.

ಆದರೆ ಅಪಾಯ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಬೆಟ್ಟ ಕುಸಿದು ಹಳಿ ಮುಚ್ಚಿಹೋಗುವುದು, ಬಂಡಿ ದಿನಗಟ್ಟಲೆ ನಿಲ್ಲುವುದು ಇಲ್ಲಿ ಹೊಸತಲ್ಲ. ಅದನ್ನು ಮಣ್ಣು ಬಗೆದು ಸರಿಪಡಿಸಬಹುದು. ಹೊಗೆಯನ್ನು ಓದಬಲ್ಲವನು, ಸಿಳ್ಳೆಯನ್ನು ಕೇಳಿ ಬ್ರೇಕು ಹಿಡಿಯಬಲ್ಲವನು, ಹಲ್ಲುಚಕ್ರದ ಸವೆತವನ್ನು ಬೆರಳಲ್ಲಿ ತಿಳಿಯಬಲ್ಲ ಫಿಟ್ಟರು, ಇವರು ತಮ್ಮ ಹಿಂದಿನವರಿಂದ ಕಲಿಯದೆ ಹೋದ ವರ್ಷ ಎಷ್ಟು ಎಂಜಿನ್ನುಗಳಿದ್ದರೂ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಆ ವರ್ಷ ಬಂದು ಹೋಗಿದೆ. ಅಪ್ಪನಿಂದ ಅದನ್ನು ಕಲಿಯಬೇಕಾದ ಅಗತ್ಯ ನನಗಿರಲಿಲ್ಲ, ನಿಜ. ಕೇಳಿಸಿಕೊಳ್ಳಬಹುದಾಗಿತ್ತು.

ಇಳಿಯುವ ಪ್ರಯಾಣ ಏರಿದ್ದಕ್ಕಿಂತ ಬೇಗ ಮುಗಿಯುತ್ತದೆ. ಕೂನೂರಿನಲ್ಲಿ ಮತ್ತೆ ಉಗಿ ಎಂಜಿನ್ ಕೂಡಿಕೊಂಡಿತು, ಈ ಸಲ ಮುಂದೆ. ಬಂಡಿಯ ಭಾರವನ್ನೆಲ್ಲ ಬೆನ್ನಿನ ಮೇಲೆ ಹೊತ್ತು ಅದು ಹೆಜ್ಜೆ ಹೆಜ್ಜೆಗೂ ತಡೆಯುತ್ತ ಇಳಿಯಿತು. ಬ್ರೇಕಿನವರ ಕೈಗಳಿಗೆ ಬಿಡುವಿರಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದರಿಂದ ಸುರಂಗಗಳಲ್ಲಿ ಹೊಗೆಯೆಲ್ಲ ಡಬ್ಬಿಯೊಳಕ್ಕೆ ಬಂತು. ಮೆಟ್ಟುಪಾಳಯದಲ್ಲಿ ಇಳಿದಾಗ ಮೊಮ್ಮಗಳ ಬಿಳಿಯ ಅಂಗಿ ಬೂದು ಬಣ್ಣಕ್ಕೆ ತಿರುಗಿತ್ತು. ಸೊಸೆ ತಂಗಿದ್ದ ಕೋಣೆಯಲ್ಲಿ ಸೋಪು ಹಾಕಿ ಉಜ್ಜತೊಡಗಿದಳು. ಅಕ್ಕ ಅವಳ ಕೈಯಿಂದ ಅಂಗಿಯನ್ನು ತೆಗೆದುಕೊಂಡಳು.

“ನೀರು ಮುಟ್ಟಿಸಬಾರದು ಮೊದಲು. ಒಣಗಿದ್ದಾಗಲೇ ಕೊಡವಿ, ಕೊಡವಿ, ಮಸಿ ಉದುರಿಸಬೇಕು. ಆಮೇಲೆ ನೆನೆಹಾಕೋದು. ಬಾ, ತೋರಿಸ್ತೀನಿ.”

ಮೊಮ್ಮಗಳೂ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.